ಪ್ಲೀನಿಯ ವಾಕ್ಯ, ದೆನಾರಿಯಸ್ಸಿನ ತೂಕ

ಓದುಗರ ಪತ್ರ: ರೋಮನ್ನರ ಬೆಳ್ಳಿ ನಾಣ್ಯವಾದ ದೆನಾರಿಯಸ್ ಹುಟ್ಟಿದ್ದು ಕ್ರಿ.ಪೂ. 211ರ ಆಸುಪಾಸಿನಲ್ಲಿ ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ರೋಮನ್ನರು ಬೆಳ್ಳಿ ನಾಣ್ಯ ಹೊಡೆಸಿದ್ದು ಕ್ರಿ.ಪೂ. 269ರಲ್ಲಿ, ಕಂಚಿಗೆ ಮೊದಲು ಮುದ್ರೆ ಹಾಕಿಸಿದ್ದು ರೋಮಿನ ಹಳೆಯ ದೊರೆ ಸರ್ವಿಯಸ್ ಎಂದು ರೋಮನ್ ಲೇಖಕ ಪ್ಲೀನಿ ಹೇಳುತ್ತಾನೆ. ಆ ಕಾಲಕ್ಕೆ ಹತ್ತಿರವಿದ್ದವನ ಮಾತು ಬಿಟ್ಟು ಈಗಿನವರ ಊಹೆಯನ್ನೇಕೆ ನಂಬಬೇಕು?

ಸಂಪಾದಕರ ಉತ್ತರ: ಪ್ಲೀನಿಯನ್ನು ನಾವು ಬಿಟ್ಟಿಲ್ಲ. ಅವನ ‘ನ್ಯಾಚುರಲ್ ಹಿಸ್ಟರಿ’ ಗ್ರಂಥದ 33ನೇ ಸಂಪುಟದ ಆ ಕೆಲವು ಸಾಲುಗಳಿಲ್ಲದಿದ್ದರೆ ಈ ಚರ್ಚೆಗೆ ಬುಡವೇ ಇರುತ್ತಿರಲಿಲ್ಲ. ಆದರೆ ಅವನು ಬರೆದದ್ದು ಕ್ರಿ.ಶ. 77ರ ಹೊತ್ತಿಗೆ. 269ಕ್ಕೂ ಅವನಿಗೂ ಸುಮಾರು 345 ವರ್ಷಗಳ ಅಂತರ; ಸರ್ವಿಯಸ್ಸನಿಗೂ ಅವನಿಗೂ 600ಕ್ಕಿಂತ ಹೆಚ್ಚು. ಅವನೂ ಹಳೆಯ ಗ್ರಂಥಗಳನ್ನು ನೋಡಿಯೇ ಬರೆದವನು. ಆದ್ದರಿಂದ ಅವನ ಒಂದೊಂದು ವಾಕ್ಯವನ್ನೂ ಬೇರೆಬೇರೆಯಾಗಿ ತಕ್ಕಡಿಗೆ ಹಾಕಬೇಕು.

ತಕ್ಕಡಿ ಎಂದದ್ದು ಬರೀ ಮಾತಿಗಲ್ಲ. ಒಂದು ದೆನಾರಿಯಸ್ಸಿಗೆ ಹತ್ತು ಪೌಂಡ್ ಕಂಚು ಸಮವೆಂದು ನಿಗದಿಯಾಯಿತು ಎನ್ನುತ್ತಾನೆ ಪ್ಲೀನಿ. ರೋಮನ್ ಪೌಂಡ್ ಸುಮಾರು 324 ಗ್ರಾಂ; ಹತ್ತಕ್ಕೆ 3,240 ಗ್ರಾಂ. ಒಂದು ಪೌಂಡ್ ಬೆಳ್ಳಿಯಲ್ಲಿ 72 ದೆನಾರಿಯಸ್ ಹೊಡೆಯುತ್ತಿದ್ದುದರಿಂದ ಒಂದರ ತೂಕ 4.5 ಗ್ರಾಂ. ಅಂದರೆ ಬೆಳ್ಳಿಗೆ ಕಂಚಿನ 720 ಪಟ್ಟು ಬೆಲೆ! ಆ ದರದಲ್ಲಿ ಯಾವ ಪೇಟೆಯೂ ನಡೆಯದು. ಕಂಚಿನ ‘ಆಸ್’ ನಾಣ್ಯ ಎರಡು ಔನ್ಸಿಗೆ, ಅಂದರೆ 54 ಗ್ರಾಂಗೆ ಇಳಿದ ಮೇಲಿನ ಲೆಕ್ಕ ಹಾಕಿ ನೋಡಿ: ಹತ್ತು ಆಸ್ ಎಂದರೆ 540 ಗ್ರಾಂ, ಅನುಪಾತ 120. ಇದು ಸರಿಹೊಂದುತ್ತದೆ. ದೆನಾರಿಯಸ್ಸಿನ ಮೇಲಿರುವ ಹತ್ತರ ಗುರುತು ಈ ಹಗುರ ಆಸ್‌ಗಳನ್ನು ಎಣಿಸಿ ಹಾಕಿದ್ದು. 269ರಲ್ಲಾದರೋ ಆಸ್ ಇನ್ನೂ ಸರಿಸುಮಾರು ಒಂದು ಪೌಂಡ್ ತೂಗುತ್ತಿದ್ದ ಎರಕದ ಗಟ್ಟಿ. ಅದು ಇಳಿದದ್ದು ಕಾರ್ತೇಜಿನ ಸೇನಾನಿ ಹ್ಯಾನಿಬಲ್ ಜೊತೆಗಿನ ಯುದ್ಧದ (ಕ್ರಿ.ಪೂ. 218–201) ಖರ್ಚಿನ ಹೊಡೆತಕ್ಕೆ.

ಮಣ್ಣಿನ ಸಾಕ್ಷ್ಯವೂ ಇದೆ. ಸಿಸಿಲಿಯ ಮೋರ್ಗಂತೀನಾ ಊರನ್ನು ರೋಮನ್ನರು ಕ್ರಿ.ಪೂ. 211ರಲ್ಲಿ ಹಾಳುಗೆಡವಿದರು. ಆ ವಿನಾಶದ ಪದರದ ಕೆಳಗೇ ದೆನಾರಿಯಸ್ಸಿನ ಹೊಸ ಬೆಳ್ಳಿ ಸರಣಿಯ ನಾಣ್ಯಗಳು ಸಿಕ್ಕಿವೆ. ದೆನಾರಿಯಸ್ ಆ ಹೊತ್ತಿಗೆ ಚಲಾವಣೆಗೆ ಬಂದಿತ್ತು ಎನ್ನಲು ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಹಾಗಾದರೆ 269 ಸುಳ್ಳೇ? ಅಲ್ಲ. ರೋಮನ್ ಇತಿಹಾಸಕಾರ ಲಿವಿಯ ಗ್ರಂಥದ ಸಂಗ್ರಹವೂ ರೋಮನ್ನರು ಬೆಳ್ಳಿ ಬಳಸತೊಡಗಿದ್ದು ಅದೇ ಸುಮಾರಿಗೆ ಎನ್ನುತ್ತದೆ. ಆ ವರ್ಷದ ಕಾನ್ಸಲ್‌ಗಳಲ್ಲಿ, ಅಂದರೆ ರೋಮಿನ ಇಬ್ಬರು ಮುಖ್ಯ ಅಧಿಕಾರಿಗಳಲ್ಲಿ, ಒಬ್ಬ ಓಗುಲ್ನಿಯಸ್. ಕ್ರಿ.ಪೂ. 296ರಲ್ಲಿ ತೋಳದ ಕೆಳಗೆ ಅವಳಿ ಮಕ್ಕಳ (ರೋಮಿನ ಸ್ಥಾಪಕರೆನ್ನುವ ರೊಮ್ಯುಲಸ್, ರೀಮಸ್) ಪ್ರತಿಮೆ ಇರಿಸಿದ್ದು ಓಗುಲ್ನಿಯಸ್ ಸೋದರರೇ; ಒಂದು ಕಡೆ ಹರ್ಕ್ಯುಲಿಸ್, ಇನ್ನೊಂದು ಕಡೆ ಅದೇ ತೋಳ, ಅದೇ ಅವಳಿಗಳಿರುವ ಬೆಳ್ಳಿಯ ದ್ವಿದ್ರಮ್ಮ (ಎರಡು ದ್ರಮ್ಮದ ಗ್ರೀಕ್ ಮಾದರಿಯ ನಾಣ್ಯ) ಈ ಕಾಲದ್ದು. ರೋಮ್ ನಗರದೊಳಗೇ ಬೆಳ್ಳಿಯ ಟಂಕಸಾಲೆ ಶುರುವಾದ ನೆನಪು ಪ್ಲೀನಿಯ ವಾಕ್ಯದಲ್ಲಿ ಉಳಿದಿರಬೇಕು ಎಂಬುದು ನಮ್ಮ ಅಭಿಪ್ರಾಯ. ಮಾರ್ಸ್ ದೇವರ ಮುಖ, ಕುದುರೆ ತಲೆಯಿರುವ ಇನ್ನೂ ಹಳೆಯ ದ್ವಿದ್ರಮ್ಮ ರೋಮಿನ ಹೆಸರಲ್ಲೇ ಬಂದಿದ್ದರೂ ಅದು ದಕ್ಷಿಣ ಇಟಲಿಯ ಗ್ರೀಕ್ ಕಸುಬಿನದು. ಪ್ಲೀನಿಯ ಕಾಲಕ್ಕೆ ‘ಬೆಳ್ಳಿ ನಾಣ್ಯ’ ಎಂದರೆ ದೆನಾರಿಯಸ್ಸೇ ಆಗಿತ್ತು. ಎರಡೂ ಒಂದೆಂದು ಅವನು ಬಗೆದ.

ಇನ್ನು ಸರ್ವಿಯಸ್ಸನ ವಿಷಯ. ಆ ಮುದ್ರೆ ದನದ ಚಿತ್ರ, ಹಣಕ್ಕೆ ಹೆಸರು ಬಂದದ್ದೂ ಅದರಿಂದಲೇ ಎನ್ನುತ್ತಾನೆ ಪ್ಲೀನಿ. ಎತ್ತಿನ ಚಿತ್ರದ, ಸುಮಾರು ಒಂದೂವರೆ ಕಿಲೋ ತೂಗುವ ಕಂಚಿನ ಪಟ್ಟಿಗಳು ನಿಜಕ್ಕೂ ಇವೆ. ಆದರೆ ಅವುಗಳದೇ ಜಾತಿಯ ಇನ್ನೊಂದರ ಮೇಲೆ ಆನೆಯಿದೆ. ರೋಮನ್ನರು ಆನೆಯನ್ನು ಮೊದಲು ಎದುರಿಸಿದ್ದು ಕ್ರಿ.ಪೂ. 280ರಲ್ಲಿ, ಗ್ರೀಕ್ ದೊರೆ ಪಿರ್ರಸ್‌ನ ದಂಡಿನಲ್ಲಿ. ಸರ್ವಿಯಸ್ ಆಳಿದನೆನ್ನುವುದು ಕ್ರಿ.ಪೂ. 578ರಿಂದ 535. ಕ್ರಿ.ಪೂ. ಆರನೇ ಶತಮಾನದ ಪಟ್ಟಿ ಸಿಕ್ಕಿರುವುದು ಸಿಸಿಲಿಯ ಬಿತಲೇಮಿಯಲ್ಲಿ. ಅದರ ಮೇಲಿರುವುದು ಒಣ ಕೊಂಬೆಯಂಥ ಗೆರೆ. ದನಕ್ಕೂ (pecus) ಹಣಕ್ಕೂ (pecunia) ಲ್ಯಾಟಿನ್‌ನಲ್ಲಿ ನಂಟಿರುವುದು ನಿಜ. ಆ ನಂಟಿಗೆ ನಾಣ್ಯದ ಚಿತ್ರ ಬೇಕಿಲ್ಲ, ದನವೇ ಐಶ್ವರ್ಯವಾಗಿತ್ತು.

ಹಳೆಯ ಕ್ಯಾಟಲಾಗ್ ತೆರೆಯುವಾಗ ಮುದ್ರಣದ ವರ್ಷ ನೋಡಿಕೊಳ್ಳಿ. 1932ಕ್ಕಿಂತ ಹಿಂದಿನವು ದೆನಾರಿಯಸ್ಸಿಗೆ ಸಾಮಾನ್ಯವಾಗಿ ಪ್ಲೀನಿಯ ಕಾಲವನ್ನೇ ಕೊಡುತ್ತವೆ. ಆ ವರ್ಷ ನಾಣ್ಯಶಾಸ್ತ್ರಜ್ಞರಾದ ಮ್ಯಾಟಿಂಗ್ಲಿ ಮತ್ತು ರಾಬಿನ್ಸನ್ ಕ್ರಿ.ಪೂ. 187 ಎಂದು ವಾದಿಸಿದ ಮೇಲೆ ಬಂದ ಹಲವು ಪುಸ್ತಕಗಳಲ್ಲಿ ಆ ಅಂಕಿಯಿದೆ. ಮೋರ್ಗಂತೀನಾದ ನಾಣ್ಯಗಳು ಎರಡನ್ನೂ ತಿದ್ದಿದವು.