ಚಿತ್ರಕಾರ ಜಾನ್ ಸಿಂಗರ್ ಸಾರ್ಜೆಂಟ್ ಅಮೆರಿಕದವರಾ, ಇಂಗ್ಲೆಂಡಿನವರಾ? ಪ್ಯಾರಿಸ್ ಬಿಟ್ಟಿದ್ದು ಯಾಕೆ?

ಪೌರತ್ವ ಅಮೆರಿಕದ್ದು, ಬದುಕು ಯುರೋಪಿನದು. ಹುಟ್ಟಿದ್ದು 1856ರಲ್ಲಿ, ಇಟಲಿಯ ಫ್ಲಾರೆನ್ಸ್‌ನಲ್ಲಿ. ಅಪ್ಪ ಅಮ್ಮ ಅಮೆರಿಕದವರು. ಬ್ರಿಟನ್ ಕೊಡಲು ಬಂದ ‘ಸರ್’ ಪದವಿಯನ್ನೂ ತಾನು ಅಮೆರಿಕದ ಪ್ರಜೆ ಎಂದೇ ಬೇಡವೆಂದರು.

ಪ್ಯಾರಿಸ್‌ನಲ್ಲಿ ಕರೋಲುಸ್-ದ್ಯುರಾನ್ ಎಂಬ ಚಿತ್ರಕಾರರ ಹತ್ತಿರ ಕಲಿತು ಬೇಗ ಹೆಸರು ಮಾಡಿದರು. 1884ರಲ್ಲಿ ಅಲ್ಲಿನ ದೊಡ್ಡ ಕಲಾಪ್ರದರ್ಶನವಾದ ಸಲೋನ್‌ಗೆ ‘ಮೇಡಮ್ ಎಕ್ಸ್’ ಎಂಬ ಹೆಂಗಸಿನ ಭಾವಚಿತ್ರ ಇಟ್ಟಾಗ ದೊಡ್ಡ ಗಲಾಟೆಯಾಯಿತು. ಕಪ್ಪು ಗೌನಿನ ಒಂದು ಪಟ್ಟಿ ಭುಜದಿಂದ ಜಾರಿತ್ತು. ಈಗ ನೋಡಿದರೆ ಇಷ್ಟಕ್ಕಾ ಅನಿಸುತ್ತೆ, ಅಲ್ವಾ? ಆಮೇಲೆ ಪಟ್ಟಿಯನ್ನು ಮೇಲೇರಿಸಿ ತಿದ್ದಿದರು. ಆದರೂ ಅಲ್ಲಿ ಕೆಲಸ ಸಿಗುವುದು ಕಷ್ಟವಾಗಿ 1886ರಲ್ಲಿ ಲಂಡನ್‌ನಲ್ಲಿ ನೆಲೆಸಿದರು.

ಕ್ರಮೇಣ ಅಲ್ಲಿನ ಸಿರಿವಂತರು ಭಾವಚಿತ್ರ ಬರೆಸಿಕೊಳ್ಳಲು ಮುಗಿಬಿದ್ದರು. 1907ರ ಹೊತ್ತಿಗೆ ಬೇಸತ್ತು ಭಾವಚಿತ್ರಗಳನ್ನು ಬಹುಪಾಲು ಬಿಟ್ಟರು. ಜಲವರ್ಣ ಮತ್ತು ಬಾಸ್ಟನ್ ಗ್ರಂಥಾಲಯದ ಭಿತ್ತಿಚಿತ್ರಗಳಿಗೆ ಜಾಸ್ತಿ ಸಮಯ ಕೊಟ್ಟರು. ತೀರಾ ಒತ್ತಾಯ ಮಾಡಿದವರಿಗೆ ಇದ್ದಿಲಿನಲ್ಲಿ ಬೇಗ ಮುಖ ಬರೆದುಕೊಟ್ಟು ಕಳಿಸುತ್ತಿದ್ದರು.