ಲೂಪಿನೊಳಗೆ += ಹಾಕಿದರೆ ಜಾವಾ ಯಾಕಿಷ್ಟು ನಿಧಾನ?

ಲೂಪಿನಲ್ಲಿ (ಒಂದೇ ಕೆಲಸ ಮತ್ತೆ ಮತ್ತೆ ನಡೆಯುವ ಕಡೆ) 20,000 ಸಾಲುಗಳನ್ನು +=, ಅಂದರೆ ಇದ್ದದ್ದರ ತುದಿಗೆ ಹೊಸದನ್ನು ಸೇರಿಸುವ ಗುರುತು, ಹಾಕಿ ಜೋಡಿಸಿದರೆ ಜಾವಾ ಪ್ರೋಗ್ರಾಂ ಯಾಕೆ ತೆವಳುತ್ತದೆ, ಇನ್ನು ಮೇಲೆ ಎಲ್ಲ ಕಡೆ ಸ್ಟ್ರಿಂಗ್‌ಬಿಲ್ಡರ್ (ಅಕ್ಷರಗಳನ್ನು ಒಂದೇ ಕಡೆ ಕೂಡಿಸುತ್ತಾ ಹೋಗುವ ಜಾವಾದ ಸಾಧನ) ಬಳಸಬೇಕಾ ಅಂತ ಕೇಳಿದ್ದೀರಿ. ಎಲ್ಲ ಕಡೆ ಬೇಡ. ಲೂಪಿನೊಳಗೆ ಮಾತ್ರ ಖಂಡಿತ ಬೇಕು.

ನಾನು ಮಂಡ್ಯ ಕಡೆಯವನು, ಆಲೆಮನೆ ನೋಡಿಕೊಂಡೇ ಬೆಳೆದವನು. ಅಲ್ಲಿ ಕಬ್ಬಿನ ಹಾಲನ್ನು ಬಿಂದಿಗೆ ಬಿಂದಿಗೆಯಾಗಿ ತಂದು ಒಂದೇ ಕೊಪ್ಪರಿಗೆಗೆ ಸುರಿಯುತ್ತಾರೆ. += ಹಾಗೆ ಮಾಡುವುದಿಲ್ಲ. ಜಾವಾದಲ್ಲಿ ಒಮ್ಮೆ ಆದ ಸ್ಟ್ರಿಂಗ್ (ಅಕ್ಷರಗಳ ಸರ) ಬದಲಾಗುವುದೇ ಇಲ್ಲ. ಅದಕ್ಕೇ ಒಂದೊಂದು ಬಿಂದಿಗೆಗೂ ಹೊಸ ಕೊಪ್ಪರಿಗೆ ಇಟ್ಟು, ಹಳೆಯದರಲ್ಲಿ ಇದ್ದದ್ದನ್ನೆಲ್ಲ ಅದಕ್ಕೆ ಬಗ್ಗಿಸಿ, ಆಮೇಲೆ ಹೊಸ ಹಾಲು ಹಾಕಿದ ಹಾಗಾಗುತ್ತದೆ.

ಸಾಲಿಗೆ 50 ಅಕ್ಷರ ಅಂತಿಟ್ಟುಕೊಳ್ಳಿ. ಕೊನೆಗೆ ಸಿಗುವ ಸ್ಟ್ರಿಂಗ್ ಬರೀ 10 ಲಕ್ಷ ಅಕ್ಷರದ್ದು. ಆದರೆ ದಾರಿಯಲ್ಲಿ ನಕಲಾಗುವುದು ಸುಮಾರು 1,000 ಕೋಟಿ ಅಕ್ಷರ! ಸಾಲು ಎರಡು ಪಟ್ಟಾದರೆ ಕೆಲಸ ನಾಲ್ಕು ಪಟ್ಟು.

ಕನ್ನಡದಲ್ಲಿ ಹೊರೆ ಇನ್ನೂ ಜಾಸ್ತಿ. 2017ರ ಜಾವಾ 9ರಿಂದ ಇಂಗ್ಲಿಷ್ ಅಕ್ಷರಕ್ಕೆ ಒಂದೇ ಬೈಟ್ ಸಾಕು. ಒಂದು ಕನ್ನಡ ಅಕ್ಷರ ಸೇರಿತೋ, ಇಡೀ ಸ್ಟ್ರಿಂಗ್ ಎರಡೆರಡು ಬೈಟಿಗೆ ಹೋಗುತ್ತದೆ. 'ಮಂಡ್ಯ' ಕಣ್ಣಿಗೆ ಎರಡೇ ಅಕ್ಷರ. ಒಳಗೆ ಮ, ಸೊನ್ನೆ, ಡ, ಅರ್ಧಾಕ್ಷರದ ಗುರುತು, ಯ ಅಂತ ಐದು. ಅಂದರೆ 10 ಬೈಟ್.

ರೈತರ ಹೆಸರು, ಊರು, ಕಬ್ಬಿನ ತೂಕ ಇರುವ 60,000 ಸಾಲಿನ ಪಟ್ಟಿಯಲ್ಲಿ ನಾನೂ ಇದೇ ತಪ್ಪು ಮಾಡಿದ್ದೆ. ಹಳೇ ಕಂಪ್ಯೂಟರಿನಲ್ಲಿ ನಿಮಿಷಗಟ್ಟಲೆ ಕಾಯಬೇಕಿತ್ತು, ಎದುರಿಗೆ ಜನ ನಿಂತಿರುತ್ತಿದ್ದರು. ಆ ಮುಜುಗರ ಇನ್ನೂ ಮರೆತಿಲ್ಲ. ಸ್ಟ್ರಿಂಗ್‌ಬಿಲ್ಡರ್ ಹಾಕಿದ ಮೇಲೆ ಎಂಟರ್ ಒತ್ತಿದ ಕೂಡಲೇ ಪಟ್ಟಿ ಬಂತು.

ಸ್ಟ್ರಿಂಗ್‌ಬಿಲ್ಡರ್ ಅಂದರೆ ಆಲೆಮನೆಯ ಆ ಒಂದೇ ಕೊಪ್ಪರಿಗೆ ಇದ್ದ ಹಾಗೆ. ಗಾತ್ರ ಏನೂ ಹೇಳದಿದ್ದರೆ ಅದು 16 ಅಕ್ಷರದ ಜಾಗದಿಂದ ಶುರುವಾಗುತ್ತದೆ. ತುಂಬಿದರೆ ಎರಡು ಪಟ್ಟು ಮಾಡಿ ಎರಡು ಸೇರಿಸಿ 34, ಆಮೇಲೆ 70, ಹೀಗೆ ದೊಡ್ಡದಾಗುತ್ತದೆ. ಹಾಗಾಗಿ ನಕಲು ಮಾಡುವ ಸರದಿ ಅಪರೂಪ. ಅಂದಾಜು ಗೊತ್ತಿದ್ದರೆ ಮೊದಲೇ 10 ಲಕ್ಷ ಅಂತ ಕೊಟ್ಟುಬಿಡಿ. ಸ್ಟ್ರಿಂಗ್‌ಬಫರ್ (ಇದೇ ಕೆಲಸದ ಹಳೇ ಸಾಧನ) ಬೇಡ, ಅದರಲ್ಲಿ ಪ್ರತಿ ಸಲ ಬೀಗ ಹಾಕಿ ತೆಗೆಯುವ ಕೆಲಸ ಇರುತ್ತದೆ.

ಹೆಸರು + ", " + ಊರು ಥರ ಒಂದೇ ಸಾಲಿನ ಜೋಡಣೆಯನ್ನು ಮಾತ್ರ ಮುಟ್ಟಬೇಡಿ. ಅದನ್ನು ಜಾವಾನೇ ಚೆನ್ನಾಗಿ ನೋಡಿಕೊಳ್ಳುತ್ತದೆ, ಓದುವುದಕ್ಕೂ ಸುಲಭ.

ಇನ್ನೊಂದು ಮಾತು. ನಿಮ್ಮ ಪಟ್ಟಿ ಕೊನೆಗೆ ಫೈಲಿಗೇ ಹೋಗುವುದಾದರೆ ಅಷ್ಟನ್ನೂ ಮೆಮೊರಿಯಲ್ಲಿ ಕೂಡಿಡುವುದೇ ಬೇಡ. ಬಫರ್ಡ್‌ರೈಟರ್ (ಫೈಲಿಗೆ ಬರೆಯುವ ಜಾವಾದ ಸಾಧನ) ತೆರೆದು ಒಂದೊಂದೇ ಸಾಲು ಬರೆಯುತ್ತಾ ಹೋಗಿ. ನಾನೀಗ ಹಾಗೇ ಮಾಡುತ್ತೇನೆ.