ಅಡಿಮುಖ ಚಕ್ಕೆ ಏಳದಂತೆ ಸ್ಕೋರಿಂಗ್ ಬ್ಲೇಡ್
ತೀರ್ಥಹಳ್ಳಿಯ ನಿಮ್ಮ ವರ್ಕ್‌ಶಾಪಿನಲ್ಲಿ ಲ್ಯಾಮಿನೇಟ್ ಪ್ಲೈ ಕೊಯ್ದಾಗ ಅಡಿಮುಖ ಚಕ್ಕೆ ಏಳುತ್ತದೆ, ಟೇಬಲ್ ಸಾಗೆ (ಮೇಜಿನಿಂದ ಬ್ಲೇಡ್ ಮೇಲೆ ಚಾಚಿರುವ ಗರಗಸ ಮೆಷಿನ್) ಸ್ಕೋರಿಂಗ್ ಬ್ಲೇಡ್, ಅಂದರೆ ಮೊದಲೇ ಗೀರು ಹಾಕುವ ಸಣ್ಣ ಬ್ಲೇಡ್ ಹಾಕಬಹುದಾ ಎಂದು ಕೇಳಿದ್ದೀರಿ ಸರ್. ಹಾಕಬಹುದು, ಆದರೆ ಬೇರೆ ಶಾಫ್ಟ್ ಬೇಕು. ಮುಖ್ಯ ಬ್ಲೇಡಿನ ಹಲ್ಲು ಕೆಳಮುಖವಾಗಿ ಹೊರಬೀಳುವಾಗ ಲ್ಯಾಮಿನೇಟನ್ನು ಒಡೆಯುತ್ತದೆ. ಸ್ಕೋರಿಂಗ್ ಬ್ಲೇಡು ಅದರ ಮುಂದೆ ಉಲ್ಟಾ ತಿರುಗುತ್ತಾ 1.5–2 ಮಿ.ಮೀ. ಆಳದ ಗೀರು ಹಾಕುತ್ತದೆ. ಗೀರು ಮುಖ್ಯ ಕೊಯ್ತಕ್ಕಿಂತ 0.1–0.2 ಮಿ.ಮೀ. ಹೆಚ್ಚು ಅಗಲವಿರಲಿ. ಒಂದೇ ಬದಿ ಚಕ್ಕೆ ಎದ್ದರೆ ಸ್ಕೋರಿಂಗ್ ಬ್ಲೇಡು ಪಕ್ಕಕ್ಕೆ ಸರಿದಿದೆ. ಆಳ ಹೆಚ್ಚಿಸಬೇಡಿ, ಅದನ್ನು ಮುಖ್ಯ ಬ್ಲೇಡಿನ ಸಾಲಿಗೆ ಸರಿಪಡಿಸಿ.

ಸಣ್ಣ ಮೆಷಿನ್ನಾದರೆ ಅಷ್ಟು ಖರ್ಚು ಬೇಡ. 10 ಇಂಚಿನ 80 ಹಲ್ಲಿನ ಬ್ಲೇಡ್ ಹಾಕಿ, 2 ಮಿ.ಮೀ. ಮಾತ್ರ ಎತ್ತಿ ಒಮ್ಮೆ ಕೊಯ್ದು, ಫೆನ್ಸ್ (ಹಲಗೆ ಒರಗಿ ಸಾಗುವ ಪಟ್ಟಿ) ಅಲುಗಿಸದೆ ಬ್ಲೇಡ್ ಪೂರ್ತಿ ಎತ್ತಿ ಮತ್ತೆ ಕೊಯ್ಯಿರಿ. ಹಲಗೆಯನ್ನು ಬ್ಲೇಡಿನ ಹಿಂಬದಿಯಿಂದ ಉಲ್ಟಾ ತಳ್ಳಿ ಗೀರು ಹಾಕಲು ಮಾತ್ರ ಹೋಗಬೇಡಿ, ಬ್ಲೇಡು ಕೈಯನ್ನೂ ಎಳೆದುಕೊಳ್ಳುತ್ತದೆ. ನಮ್ಮ ಮಳೆಗಾಲದಲ್ಲಿ ಬಾಗಿದ ಪ್ಲೈಯನ್ನು ಟೇಬಲಿಗೆ ಒತ್ತಿ ಹಿಡಿಯದಿದ್ದರೆ ಗೀರು ನಡುವೆ ತಪ್ಪುತ್ತದೆ.